ಅಂಗಿಗೆ ಶರಣಾದ ಕೋಟೆ

ಪಿನಾರ್ ದೆಲ್ ರಿಯೊ, ೧೮೯೬

ಅಕ್ಕಾ,

ಕ್ಯೂಬಾದ ಈ ಪಶ್ಚಿಮ ತುದಿಯಲ್ಲಿ ಸ್ಪೇನಿನವರ ಪುಟ್ಟ ಕೋಟೆಯೊಂದನ್ನು ನಾವು ಬಂಡುಕೋರರು ಮುತ್ತಿದ್ದೆವು. ಒಳಗಿನವರಿಗೆ ತಿನ್ನಲು ಏನೂ ಉಳಿದಿರಲಿಲ್ಲ. ನಿನ್ನೆ ನನ್ನ ಒಂದೇ ಒಂದು ಬಿಳಿ ಅಂಗಿಯನ್ನು ಒಗೆದು ಒಣಗಲೆಂದು ಕೋಲಿಗೆ ಸಿಕ್ಕಿಸಿ, ಬರಿಮೈಯಲ್ಲಿ ಕೂತಿದ್ದೆ. ಅದನ್ನು ಬಿಳಿ ಬಾವುಟವೆಂದು ತಿಳಿದು, ನಾವು ಶರಣಾದೆವೆಂದುಕೊಂಡು ಅವರ ಸಾರ್ಜೆಂಟ್ ಬಾಗಿಲು ತೆಗೆದು ಬಂದ.

"ನಿಮ್ಮನ್ನ ಸೆರೆ ಹಿಡಿದಿದ್ದೀವಿ. ಊಟಕ್ಕೇನಿದೆ?" ಎಂದ.

"ಅದು ಅಂಗಿ ಮಾರಾಯ. ಸೆರೆ ಹಿಡಿದೋರೇ ಊಟ ಹಾಕ್ಬೇಕು" ಎಂದೆ.

ಅವನು ಒಲೆಯ ಮೇಲಿದ್ದ ಗೆಣಸಿನ ಪಾತ್ರೆಯನ್ನೇ ನೋಡಿದ.

"ಹಾಗಾದ್ರೆ ನಾವೇ ನಿಮ್ಮ ಸೆರೆಯಾಳುಗಳು" ಎಂದು ಬಂದೂಕು ಕೆಳಗಿಟ್ಟು ಒಳಗಿದ್ದವರನ್ನೆಲ್ಲ ಕೂಗಿ ಕರೆದ.

ಹಿಂದಿನ ಕಾಗದದಲ್ಲಿ ಬರೆದಿದ್ದ ಜ್ವರ ಇಳಿದಿದೆ. ಕೋಟೆ ಗೆದ್ದನೆಂದು ಇವತ್ತು ನನ್ನನ್ನು ಮೇಜರ್ ಮಾಡಿದರು. ಅಪ್ಪನಿಗೆ ಇದನ್ನು ಓದಿ ಹೇಳುವಾಗ ಮಾತ್ರ, ಕತ್ತಿ ಹಿರಿದು ನುಗ್ಗಿದೆ ಎಂದೇ ಓದು.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ತಮ್ಮ, ಎಲಿಹಿಯೊ