ರೇಡಿಯೋದಲ್ಲಿ ವಾಸಿಯಾದ ತಂಗಿ

ಅಂಗಡಿಯ ಹಿಂದಿನ ಕೋಣೆ,
ಸೋಮವಾರ, ಜೂನ್ 16

ಪ್ರೀತಿಯ ಅಕ್ಕಾ,

ನಿನ್ನ ಕತ್ತುನೋವು ಹೇಗಿದೆ? ದಿನವಿಡೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತರೆ ಇನ್ನೇನಾಗುತ್ತೆ? ಭಾವ ಈಗಲಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರಾ? ಅಮ್ಮ ಗಟ್ಟಿಯಾಗಿದ್ದಾಳೆ, ಕನ್ನಡಕ ತಲೆ ಮೇಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕುವುದೊಂದು ಬಿಟ್ಟರೆ. ಕುಶಲ ಕೇಳಿದ್ದಾಯಿತು. ಮೇಲೆ ‘ಪ್ರೀತಿಯ’ ಅಂತ ಬರೆದದ್ದು ಕೈಯ ಅಭ್ಯಾಸ. ನಿನ್ನ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅತ್ತುಬಿಡುತ್ತೇನೆ. ಅದಕ್ಕೇ ಕಾಗದ.

ಹೋದ ಮಂಗಳವಾರ ಬೆಳಿಗ್ಗೆ ಅಂಗಡಿ ತೆಗೆದು ಕನ್ನಡಿ ಒರೆಸುತ್ತಿದ್ದೆ. ತಾಯಿ ಮಗಳು ಬಂದರು. ಹುಡುಗಿಗೆ ಹದಿನಾರೋ ಹದಿನೇಳೋ ಇರಬೇಕು. ಕೂದಲು ಉದುರುತ್ತಿದೆ, ಗಿಡ್ಡ ಮಾಡಿಬಿಡಿ ಅಂದರು ತಾಯಿ. ಬಾಚಣಿಗೆ ಎಳೆದಷ್ಟೂ ಕೂದಲು ಕೈಗೆ ಬರುತ್ತಿತ್ತು. ಅರ್ಧ ಗಂಟೆಯೊಳಗೆ ಅವಳು ಮೂರು ಸಲ ಎದ್ದಳು. ಮೂರನೆಯ ಸಲ ಕುತ್ತಿಗೆಗೆ ಕಟ್ಟಿದ ಬಟ್ಟೆ ಬಿಚ್ಚುವುದಕ್ಕೂ ಕಾಯದೆ ಹಾಗೇ ಪಾಯಿಖಾನೆಗೆ ಓಡಿದಳು. ಒಳಗೆ ನಲ್ಲಿ ಜೋರಾಗಿ ಬಿಟ್ಟುಕೊಂಡಳು, ಶಬ್ದ ಹೊರಗೆ ಕೇಳಬಾರದು ಅಂತ. ಹನ್ನೊಂದು ವರ್ಷ ಹಾಗೆ ನಲ್ಲಿ ಬಿಟ್ಟುಕೊಂಡವಳು ನಾನು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಕರುಳಿನ ಹುಣ್ಣಾ?” ಅಂತ ಮೆಲ್ಲಗೆ ಕೇಳಿದೆ. ತಾಯಿ ಮೊದಲು ಬೆಚ್ಚಿದರು, ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದರು. “ಎರಡು ವರ್ಷ ಆಯ್ತು. ಆಸ್ಪತ್ರೆ ಮಾತ್ರೆ ಎಲ್ಲ ನಿಲ್ಲಿಸಿದ್ದೀನಿ. ಬೇರಿನ ಪುಡಿ ಕೊಡ್ತಾ ಇದ್ದೀನಿ. ಮೊದಮೊದಲು ಹೀಗೆ ಜಾಸ್ತಿ ಆಗುತ್ತಂತೆ, ಆಮೇಲೆ ನಿಲ್ಲುತ್ತಂತೆ.” ಯಾರು ಹೇಳಿದರು ಅಂದೆ. “ಪುಡಿ ಮಾರೋನು ಹೇಳಿದ. ಅವನ ಮಾತಿಗೆ ನಾನು ಸೊಪ್ಪು ಹಾಕಿರಲಿಲ್ಲ. ಆದರೆ ರೇಡಿಯೋದಲ್ಲಿ ಒಬ್ಬರು ವಿಜ್ಞಾನಿ ಮಾತಾಡಿದರು. ಅವರ ಸ್ವಂತ ತಂಗಿಗೇ ವಾಸಿಯಾಗಿದೆಯಂತೆ. ಒಡಹುಟ್ಟಿದವಳ ವಿಷಯದಲ್ಲಿ ಯಾರಾದರೂ ಸುಳ್ಳು ಹೇಳ್ತಾರಾ?”

ಕತ್ತರಿ ನನ್ನ ಕೈಯಲ್ಲೇ ಇತ್ತು ಅಕ್ಕಾ. ಕೆಳಗಿಟ್ಟೆ.

ಆ ಕಾರ್ಯಕ್ರಮವನ್ನು ಫೆಬ್ರವರಿಯಲ್ಲಿ ನಾನೂ ಅಮ್ಮನೂ ಒಟ್ಟಿಗೆ ಕೂತು ಕೇಳಿದ್ದೆವು. ಎಷ್ಟು ಚೆನ್ನಾಗಿ ಶುರು ಮಾಡಿದೆ ನೀನು. ಮೈ ಕಾಯಬೇಕಾದ ಜೀವಕೋಶಗಳೇ ಕರುಳಿನ ಮೇಲೆ ತಿರುಗಿಬೀಳುತ್ತವೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂದೆ, ಅಮ್ಮನಿಗೂ ಅರ್ಥವಾಯಿತು. ಆ ಬೇರಿನ ಹಳದಿ ಸತ್ವ ಅವುಗಳ ರೋಷ ಇಳಿಸುತ್ತೆ, ಗಾಜಿನ ಬಟ್ಟಲಲ್ಲಿ ನೋಡಿದೆವು, ಇಪ್ಪತ್ತನಾಲ್ಕು ಇಲಿಗಳಲ್ಲಿ ನೋಡಿದೆವು ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮನುಷ್ಯರಿಗೆ ಹಿಡಿಯುತ್ತಾ ಅಂತ ಕಾರ್ಯಕ್ರಮ ನಡೆಸುವವನು ಕೇಳಿದ. ನೀನು ಅಂದೆ: “ನನ್ನ ತಂಗಿಯೇ ಸಾಕ್ಷಿ. ಒಂದೂವರೆ ವರ್ಷದಿಂದ ತಗೊಳ್ತಿದ್ದಾಳೆ, ಆರಾಮಾಗಿದ್ದಾಳೆ.”

ಒಂದಕ್ಷರವೂ ಸುಳ್ಳಲ್ಲ. ಆ ಬೇರಿನಿಂದ ಮಾಡಿ ನೀನು ಕೊಟ್ಟ ಗುಳಿಗೆ ನಾನು ನುಂಗಿದ್ದು ನಿಜ, ಆರಾಮಾದದ್ದೂ ನಿಜ. ಎಂಟು ವಾರಕ್ಕೊಮ್ಮೆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಎರಡು ಗಂಟೆ ಮಲಗಿ ಕರುಳಿನ ಔಷಧಿಯ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದೆನಲ್ಲ, ಅದನ್ನು ಮಾತ್ರ ನೀನು ನುಂಗಿದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ಬೇರೆಯವರ ಪ್ರಯೋಗಗಳನ್ನು ಆಡಿಕೊಂಡು ನಗುತ್ತಿದ್ದವಳು ನೀನೇ. ನನ್ನ ಸಿಟ್ಟು ಆ ಬೇರಿನ ಮೇಲಲ್ಲ. ನಾಲ್ಕು ವರ್ಷ ನೀನು ಅದರ ಹಿಂದೆ ಕಣ್ಣು ಸವೆಸಿದ್ದು ನನಗೆ ಗೊತ್ತು. ಯಾರಿಗೊತ್ತು, ನಾಳೆ ಅದೇ ಔಷಧಿಯಾದರೂ ಆದೀತು. ಇನ್ನೂ ಮನುಷ್ಯರಲ್ಲಿ ನೋಡಬೇಕು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

“ಆ ತಂಗಿ ನಾನೇ” ಅಂದೆ ಆ ತಾಯಿಗೆ. ತೋಳು ಮಡಿಸಿ ಸೂಜಿ ಚುಚ್ಚಿದ ಕಲೆಗಳನ್ನು ತೋರಿಸಿದೆ. ಆಕೆ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. “ಹಾಗಾದರೆ ನಿಮ್ಮಕ್ಕ ಯಾಕೆ ಹಾಗಂದರು?” ಅಂತ ಕೇಳಿದರು, ಅಷ್ಟೇ. ಅಷ್ಟರಲ್ಲಿ ಹುಡುಗಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ತುಟಿ ಸುಣ್ಣದ ಹಾಗೆ ಬಿಳುಚಿತ್ತು. ಅಂಗಡಿಗೆ ಬೀಗ ಹಾಕಿ, ಬಾಡಿಗೆ ಕಾರು ನಿಲ್ಲಿಸಿ, ಮೂವರೂ ಆಸ್ಪತ್ರೆಗೆ ಹೋದೆವು. ಹುಡುಗಿಯ ತಲೆಯ ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ. ದಾಖಲು ಮಾಡಿಕೊಳ್ಳುವ ಕಿಟಕಿಯಲ್ಲಿದ್ದವನು ಅವಳನ್ನು ನೋಡಿ ನಕ್ಕ. ಆ ನಗುವೂ ನಿನ್ನ ತಲೆಗೇ ಸೇರಲಿ.

ಎರಡು ಬಾಟಲಿ ರಕ್ತ ಕೊಟ್ಟಿದ್ದಾರೆ. ಔಷಧಿ ಮತ್ತೆ ಶುರು ಮಾಡಿದ್ದಾರೆ. ಈ ವಾರ ಹಿಡಿದರೆ ಸರಿ, ಇಲ್ಲದಿದ್ದರೆ ದೊಡ್ಡ ಕರುಳು ತೆಗೆಯಬೇಕಂತೆ. ಶುಕ್ರವಾರ ಕತ್ತರಿ ತಗೊಂಡು ಹೋಗಿ, ದಿಂಬಿಗೆ ಒರಗಿಸಿ, ಉಳಿದ ಅರ್ಧ ಕತ್ತರಿಸಿ ಬಂದೆ. ಆ ಮಗು ಕನ್ನಡಿ ಕೇಳಲಿಲ್ಲ. “ನೀವು ನಿಜವಾಗಲೂ ವಾಸಿಯಾಗಿಲ್ವಾ ಆಂಟಿ?” ಅಂತ ಕೇಳಿತು.

ಅದೇ ರೇಡಿಯೋಗೆ ಹೋಗು. ಅದೇ ಹೊತ್ತಿಗೆ, ಅದೇ ಬಾಯಲ್ಲಿ, ನನ್ನ ತಂಗಿಗೆ ಡ್ರಿಪ್ ನಡೆಯುತ್ತಿತ್ತು, ಅದನ್ನು ನಾನು ಹೇಳಲಿಲ್ಲ ಅಂತ ಹೇಳು. ನಿನ್ನ ಮೇಲಿನವರು ಏನಂದುಕೊಳ್ಳುತ್ತಾರೋ ಅಂತ ಯೋಚಿಸಬೇಡ. ಹೇಳಿದ ಮೇಲೆ ಆ ತಾಯಿಯ ಮುಂದೆ ಬಂದು ನಿಲ್ಲು. ಅಲ್ಲಿಯವರೆಗೆ ನನ್ನ ಹೆಸರಲ್ಲಿ ಒಂದು ಮಾತೂ ಆಡಬೇಡ.

ಭಾವನಿಗೆ ನಮಸ್ಕಾರ ಹೇಳು. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಅವಳಿಗೆ ಇದ್ಯಾವುದೂ ಗೊತ್ತಿಲ್ಲ.

ನಿನ್ನ ಬೆನ್ನಿಗೆ ಬಿದ್ದವಳು,
ಗುಬ್ಬಿ

ಮರೆತ ಮಾತಲ್ಲ, ಬರೆಯೋಕೆ ಕೈ ಬಂದಿರಲಿಲ್ಲ: ರೇಡಿಯೋ ಕೇಳಿದ ಮೇಲೆ ನಾನು ಎರಡು ಡ್ರಿಪ್ ತಪ್ಪಿಸಿದ್ದೇನೆ. ಅಷ್ಟು ಜನರ ಮುಂದೆ ನೀನು ಆಡಿದ ಮಾತು ನಿಜವಾಗಲಿ ಅಂತ ಆಸೆಯಾಯಿತು ಅಕ್ಕಾ. ಆ ತಾಯಿಗೆ ಬುದ್ಧಿ ಹೇಳಿದ ದಿನವೂ ನಾನು ಬರೀ ನಿನ್ನ ಗುಳಿಗೆಯ ಮೇಲೇ ಇದ್ದೆ. ಹತ್ತು ದಿನದಿಂದ ರಕ್ತ ಹೋಗುತ್ತಿದೆ. ನಾಳೆ ಬೆಳಿಗ್ಗೆ ದಾಖಲಾಗುತ್ತಿದ್ದೇನೆ, ಅಮ್ಮನಿಗೆ ಇನ್ನೂ ಹೇಳಿಲ್ಲ. ಬೇಗ ಬಾ.