ಎಣ್ಣೆ ನಿಂತಿತು, ಮಾವ

ಪ್ರೀತಿಯ ಮಾವನಿಗೆ,

ಶೆಟಗೇರಿಯ ಗದ್ದೆ ದಾರಿಯಲ್ಲಿ ನನಗೆ ಮೋಟಾರ್‌ಸೈಕಲ್ ಕಲಿಸಿದ ದಿನ ನೆನಪಿದೆಯೇ? ನಾನು ಸೊಸೆಯಾಗಿ ಬಂದ ವರ್ಷ ಅದು. ಊರವರೆಲ್ಲ ನಿಂತು ನೋಡುತ್ತಿದ್ದರು. ಟೀಚರ್ ಸೊಸೆಯೆಂದು ನನ್ನನ್ನು ಅಕ್ಕೋರೆ ಎಂದೇ ಕರೆಯುತ್ತಿದ್ದ ನೀವು ಪಕ್ಕದಲ್ಲೇ ಓಡುತ್ತಾ, "ಅಕ್ಕೋರೇ, ಹೆದ್ರೂಕೆ ಎಂತದಿದೆ? ಬಿದ್ರೆ ಗದ್ದೆ ಮೆತ್ತಗದೆ!" ಎಂದು ನಗಿಸಿದಿರಿ. ಮಳೆಗಾಲ ಬಿಟ್ಟರೆ, ಅಂಕೋಲೆಯ ಶಾಲೆಗೆ ಬಸ್ಸು ಕಾಯುವ ಕಷ್ಟ ಅಂದೇ ಮುಗಿಯಿತು. ಯಾವ ಮಾವ ತನ್ನ ಗಾಡಿಯ ಕೀಲಿಯನ್ನು ಹೀಗೆ ಸೊಸೆಯ ಕೈಗೆ... ಇವತ್ತಿಗೂ ಗಾಡಿ ಹತ್ತುವಾಗ ಮನಸ್ಸಿನಲ್ಲೇ ನಿಮಗೆ ಕೈಮುಗಿಯುತ್ತೇನೆ.

ನೀವು ನಮ್ಮನ್ನು ಬಿಟ್ಟುಹೋದ ಮಳೆಗಾಲ ಕಳೆದು, ದಸರೆಗೆ ಗಾಡಿ ಹೊರಗೆ ತೆಗೆದೆ. ಶುರುವಾಯಿತು ನೋಡಿ ಎಣ್ಣೆ ಸೋರುವುದು. ಅಂಕೋಲೆಯಲ್ಲಿ ಗ್ಯಾಸ್ಕೆಟ್ ಬದಲಿಸಿದರು, ಕಾರವಾರದಲ್ಲಿ ಆಯಿಲ್ ಸೀಲ್. ಒಂದು ಕಡೆ ನಿಂತರೆ ಇನ್ನೊಂದು ಕಡೆ. ಅತ್ತೆ ಒಂದು ದಿನ ಪೊರಕೆ ಬಿಸಾಡಿ, "ಈ ಅಂಗಳ ತೊಳೂಕೆ ನನ್ ಕೈಲಿ ಆಗೂದಿಲ್ಲ. ಮಾರ್ಬಿಡು ತಂಗಿ, ಅದ್ನ ನೋಡ್ದಾಗೆಲ್ಲ ಅವ್ರ ನೆನಪಾಗ್ತದೆ," ಎಂದರು. ಸದಾಶಿವಗಡದ ಗುಜರಿಯವನು ಭಾನುವಾರ ಬಂದು ಒಯ್ಯುವುದೆಂದು ಮಾತಾಯಿತು. ನನಗೆ ಊಟ ಸೇರಲಿಲ್ಲ.

ಶನಿವಾರ ನಿಮ್ಮ ಹಳೆಯ ಉಪಾಯ ನೆನಪಾಯಿತು. ಎಂಜಿನ್ ತೊಳೆದು ಒರೆಸಿ, ಮೇಲೆಲ್ಲ ಮುಖದ ಪೌಡರ್ ಉದುರಿಸಿ ಓಡಿಸುತ್ತಿದ್ದಿರಿ. ಪೌಡರ್ ಒದ್ದೆಯಾದಲ್ಲೇ ಸೋರಿಕೆ. ನನ್ನ ಡಬ್ಬಿ ಪೂರ್ತಿ ಖಾಲಿ ಮಾಡಿದೆ. ನೋಡಿದರೆ ಎಲ್ಲ ಜೋಡಣೆಗಳೂ ಒದ್ದೆ! ಅಂದರೆ ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲ, ಅದು ಎಣ್ಣೆಯನ್ನು ತಳ್ಳುತ್ತಿದೆ. ಎಂಜಿನ್ ಗಾಳಿ ಬಿಡುವ ರಬ್ಬರ್ ಪೈಪನ್ನು ಸವರುತ್ತಾ ಹಿಂದಿನ ಚಕ್ರದವರೆಗೆ ಹೋದೆ. ತುದಿಯಲ್ಲಿ ಏನೋ ಗಟ್ಟಿ. ಹೇರ್‌ಪಿನ್ ಹಾಕಿ ಎಳೆದರೆ, ನಿಮ್ಮ ನೀಲಿ ಲುಂಗಿಯ ತುಂಡು!

ಮಳೆಗಾಲದಲ್ಲಿ ಉಪ್ಪುಗಾಳಿ ಹೊಗದಂತೆ ಗಾಡಿಯ ತೂತುಗಳಿಗೆಲ್ಲ ಬಟ್ಟೆ ತುರುಕಿ ಇಡುತ್ತಿದ್ದಿರಲ್ಲ? ಸೈಲೆನ್ಸರಿನದನ್ನು ನಾನೇ ತೆಗೆದಿದ್ದೆ. ಇದೊಂದು ನಿಮಗೆ ಮಾತ್ರ ಗೊತ್ತಿತ್ತು. ಅಷ್ಟು ಕಾಯಿಲೆಯಲ್ಲೂ ಬಗ್ಗಿ ಕೂತು, ಗಾಡಿ ನನಗೆ ಬೇಕಾಗುತ್ತದೆಂದು... ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ, ಮಾವ. ಅತ್ತೆ ಓಡಿ ಬಂದರು. ತುಂಡು ನೋಡಿದ್ದೇ, "ಅಯ್ಯೋ! ಹೊಸ ಲುಂಗಿ ಇಲಿ ಕಡ್ದದೆ ಅಂದಿದ್ರು ನಂಗೆ!" ಎಂದು ನಿಮಗೆ ಮನಸಾರೆ ಬೈದರು. ಬೈಯುತ್ತಲೇ ಅದನ್ನು ಒಗೆದು ಒಣಹಾಕಿದರು.

ಗುಜರಿಯವನಿಗೆ ಅತ್ತೆಯೇ ಚಹಾ ಕೊಟ್ಟು ವಾಪಸ್ ಕಳಿಸಿದರು. ಅಂಗಳದಲ್ಲಿ ಈಗ ಒಂದು ಹನಿಯೂ ಇಲ್ಲ. ಈ ಮಳೆಗಾಲಕ್ಕೆ ನಾನೂ ಬಟ್ಟೆ ತುರುಕುತ್ತೇನೆ. ಆದರೆ ತುದಿಯನ್ನು ಗೇಣುದ್ದ ಹೊರಗೆ ಬಿಡುತ್ತೇನೆ, ಮಾವ. ನನ್ನ ನಂತರ ತೆಗೆಯುವವರಿಗೆ ಕಾಣಲಿ.

ನಿಮ್ಮ ಸೊಸೆ