ಒಂದೇ ಜಾತಿಯ ದವಡೆ

ತಣಿಸಂದ್ರ, ೧೨-೮-೧೯೬೧

ಕಾಲೇಜಿನ ಆನಂದಪ್ಪ ಮೇಷ್ಟ್ರಿಗೆ,

ಹೊಟ್ಟೆಚೀಲದಲ್ಲಿ ಮರಿ ಹೊರುತ್ತಿದ್ದ, ಅಳಿದುಹೋದ ದೈತ್ಯಪ್ರಾಣಿಗಳ ಎರಡು ಕಲ್ಲಾದ ದವಡೆ ತರಗತಿಗೆ ತಂದು, ಎರಡೂ ಬೇರೆ ಬೇರೆ ಜಾತಿ ಎಂದಿರಂತೆ. "ಎರಡೂ ಒಂದೇ ಸಾರ್, ಒಂದು ಮರೀದು, ಒಂದು ಮುದೀದು" ಎಂದ ನನ್ನ ಮೊಮ್ಮಗಳು ಗಂಗರತ್ನಳನ್ನು ಹೊರಗೆ ಕಳಿಸಿದಿರಂತೆ.

ಅವಳು ಬರೆದು ತಂದ ಚಿತ್ರ ನೋಡಿದೆ. ಒಂದರಲ್ಲಿ ಕೊನೆಯ ಹಲ್ಲು ಈಗಷ್ಟೇ ಮೊಳೆತಿದೆ, ಇನ್ನೊಂದರಲ್ಲಿ ಅದೇ ಹಲ್ಲು ಸವೆದು ಮಟ್ಟವಾಗಿದೆ. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡಿದ ಯಾರಿಗಾದರೂ ಇದು ತಿಳಿಯುತ್ತದೆ. ನಿಮ್ಮನ್ನು ಕಳಿಸಿದ್ದರೆ ಕರು ಕೊಂಡು, ಬೇರೆ ಜಾತಿಯ ಎತ್ತು ಎಂದು ಹೊಡೆದುಕೊಂಡು ಬರುತ್ತಿದ್ದಿರಿ.

"ಕಾಲೇಜು ಬಿಡ್ತೀನಿ ಕಣಜ್ಜಿ" ಅಂದಳು. "ತಪ್ಪು ಆವಯ್ಯಂದು, ಬಿಡೋದು ನೀನ್ಯಾಕೆ?" ಅಂದೆ.

ಸೋಮವಾರ ಅವಳ ಜೊತೆ ನಾನೂ ಬರುತ್ತೇನೆ. ದವಡೆಗಳನ್ನು ಮೇಜಿನ ಮೇಲೆ ಇಡಿ. ಪಾಠ ಅವಳು ಹೇಳುತ್ತಾಳೆ. ನೀವು ಬೆಂಚಿನಲ್ಲಿ ನನ್ನ ಪಕ್ಕ ಕೂತು ಕೇಳಿ.

ಮುನಿಕೆಂಪಮ್ಮ